ತಣ್ಣೀರಲ್ಲಿ ರುಬ್ಬಿದ ಸಾಸಿವೆ

ಮಲೆನಾಡು, ಕರಾವಳಿಯ ಮನೆಗಳಲ್ಲಿ ‘ಸಾಸಿವೆ’ ಎಂದರೆ ಒಗ್ಗರಣೆ ಡಬ್ಬಿಯ ಕಾಳೂ ಹೌದು, ಊಟದೆಲೆಯ ಒಂದು ಪದಾರ್ಥವೂ ಹೌದು. ಹಸಿ ಸಾಸಿವೆ, ತೆಂಗಿನತುರಿ, ಮೆಣಸಿನಕಾಯಿ ಸೇರಿಸಿ ರುಬ್ಬಿದ ಅರಪ್ಪನ್ನು ಬೆಂದ ಹೋಳಿಗೆ ಬೆರೆಸಿ ಮೊಸರು ಹಾಕಿದರೆ ಸಾಸಿವೆ ಆಯಿತು. ಬೆಂಡೆ, ಹಾಗಲ, ಸೌತೆ, ಬಾಳೆದಿಂಡು, ಕಾಟುಮಾವಿನ ಹಣ್ಣು, ಎಲ್ಲಕ್ಕೂ ಅದು ಒಗ್ಗುತ್ತದೆ. ಇದನ್ನು ಕಲಿಸುವ ಹಿರಿಯರು ಎರಡು ಮಾತು ಹೇಳದೆ ಬಿಡುವುದಿಲ್ಲ. ಸಾಸಿವೆಯನ್ನು ತಣ್ಣೀರಲ್ಲೇ ರುಬ್ಬಬೇಕು. ಹೋಳು ಆರಿದ ಮೇಲೇ ಅರಪ್ಪು ಬೆರೆಸಬೇಕು. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಚಿಕ್ಕದು: “ಬಿಸಿಗೆ ಹಾಕಿದ್ರೆ ಘಾಟು ಹೋಗ್ತದೆ.”

ಆ ಘಾಟಿನ ಹಿಂದೆ ಒಂದು ಕಿಣ್ವದ ಕೆಲಸವಿದೆ. ಅದರ ಕಥೆ ಇಂದು ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆಯೊಂದಕ್ಕೆ ತಾಗುತ್ತದೆ: ಹಾರ್ಮೋನುಗಳಿಗೆ ಹಿತವಾದ ಅಡುಗೆ ಯಾವುದು? ಪಿಸಿಓಎಸ್ ಇದೆಯೆಂದು ತಿಳಿದ ಕಾಲೇಜು ಹುಡುಗಿ, ಬೆಳಿಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ ನುಂಗುವ ಗೃಹಿಣಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿದ್ದೆಗೆಟ್ಟ ಶಿಕ್ಷಕಿ, ಸಕ್ಕರೆ ಕಾಯಿಲೆಯ ಗಡಿಯಲ್ಲಿ ನಿಂತ ನಲವತ್ತರ ಗಂಡಸು, ಎಲ್ಲರದೂ ಇದೇ ಪ್ರಶ್ನೆ. ಇದಕ್ಕೆ ಅಂಗಡಿಗಳು ಪುಡಿ, ಮಾತ್ರೆ, ವಿದೇಶಿ ಹಣ್ಣಿನ ರಸಗಳ ಡಬ್ಬಿ ತೋರಿಸುತ್ತವೆ. ಆದರೆ ಇದುವರೆಗಿನ ವಿಜ್ಞಾನ ಹೆಚ್ಚು ಭರವಸೆಯಿಂದ ಬೆರಳು ಮಾಡುವುದು ತರಕಾರಿಯ ಬುಟ್ಟಿಯ ಕಡೆಗೆ. ಆ ಬುಟ್ಟಿಯನ್ನು ದಿನವೂ ಖಾಲಿ ಮಾಡಿಸುವ ಶಕ್ತಿ ಇರುವುದು ಮನೆಯಲ್ಲೇ ರುಬ್ಬಿದ ಗೊಜ್ಜಿಗೆ.

ಕರುಳಿನಲ್ಲಿ ಸಿಕ್ಕ ಮೊದಲ ಹಾರ್ಮೋನು

ಹಾರ್ಮೋನು ಎಂದರೆ ಹೆಣ್ಣುಮಕ್ಕಳ ಸಮಸ್ಯೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಚರಿತ್ರೆ ಹೇಳುವುದೇ ಬೇರೆ. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಸಣ್ಣಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಹಾಕಿದರು. ನರದ ಸಂಪರ್ಕವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳು ರಕ್ತದ ಮೂಲಕ ಒಂದು ಸಂದೇಶ ಕಳಿಸಿತ್ತು. ಆ ಸಂದೇಶವಾಹಕಕ್ಕೆ ಅವರು ‘ಸಿಕ್ರೀಟಿನ್’ ಎಂದು ಹೆಸರಿಟ್ಟರು. ಮೂರು ವರ್ಷದ ನಂತರ, 1905ರ ಉಪನ್ಯಾಸದಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ‘ಹಾರ್ಮೋನ್’ ಎಂಬ ಪದ ಬಳಸಿದರು. ‘ಪ್ರಚೋದಿಸು’ ಎಂಬರ್ಥದ ಗ್ರೀಕ್ ಮೂಲದಿಂದ ಬಂದ ಪದ ಅದು. ಹಾಗೆ ನೋಡಿದರೆ ಹಾರ್ಮೋನು ಎಂಬ ಮಾತು ಹುಟ್ಟಿದ್ದೇ ಜೀರ್ಣಾಂಗದ ಅಧ್ಯಯನದಿಂದ.

ತಿಂದ ತುತ್ತಿಗೆ ಎಲ್ಲಕ್ಕಿಂತ ಬೇಗ ಸ್ಪಂದಿಸುವ ಹಾರ್ಮೋನುಗಳಲ್ಲಿ ಇನ್ಸುಲಿನ್ ಮುಖ್ಯವಾದದ್ದು. ಬರೀ ಬಿಳಿ ಅನ್ನ, ತಿಳಿಸಾರು ಉಂಡಾಗ ರಕ್ತದ ಸಕ್ಕರೆ ಸರ್ರನೆ ಏರುತ್ತದೆ, ಅದರ ಬೆನ್ನಿಗೇ ಇನ್ಸುಲಿನ್ ಏರುತ್ತದೆ. ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಹೀಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಗಂಡು ಹಾರ್ಮೋನು ಹೆಚ್ಚಿಸುವುದು ಪಿಸಿಓಎಸ್‌ನ ಮುಖ್ಯ ಎಳೆಗಳಲ್ಲೊಂದು. ಮುಟ್ಟು ಏರುಪೇರಾಗುವುದು, ಮುಖದಲ್ಲಿ ಕೂದಲು ಬರುವುದು, ಮೊಡವೆ ಏಳುವುದು ಈ ಎಳೆಗೇ ಅಂಟಿಕೊಂಡ ತೊಂದರೆಗಳು.

ಪಿಸಿಓಎಸ್ ಬಗ್ಗೆ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಿದೆ. ಸಮತೋಲನದ ಊಟ ಬೇಕು, ಆದರೆ ಇಂಥದೇ ಒಂದು ಪಥ್ಯ ಮಿಕ್ಕೆಲ್ಲಕ್ಕಿಂತ ಮೇಲು ಎನ್ನಲು ಆಧಾರವಿಲ್ಲ. ಪಥ್ಯದ ಹೆಸರಿನಲ್ಲಿ ಮನೆಯ ಊಟವನ್ನೇ ಬಿಟ್ಟ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಸಮಾಧಾನದ ಸುದ್ದಿ. ರೊಟ್ಟಿ, ಮುದ್ದೆ, ಅನ್ನ ಯಾವುದೇ ಇರಲಿ, ಪಕ್ಕದಲ್ಲಿ ತರಕಾರಿ ಎಷ್ಟಿದೆ, ಬೇಳೆಕಾಳು ಎಷ್ಟಿದೆ ಎಂಬುದನ್ನು ಮೊದಲು ನೋಡಿಕೊಂಡರೆ ಸಾಕು.

ಉಣ್ಣುವ ಕ್ರಮಕ್ಕೂ ಬೆಲೆಯಿದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ ಮಧುಮೇಹವಿದ್ದ 11 ಜನ ಒಂದೇ ಊಟವನ್ನು ಎರಡು ಕ್ರಮದಲ್ಲಿ ಉಂಡರು. ತರಕಾರಿ ಮತ್ತು ಪ್ರೊಟೀನು ಮೊದಲು ತಿಂದು ಬ್ರೆಡ್ಡನ್ನು ಕೊನೆಗೆ ತಿಂದ ದಿನ, ಊಟದ ಒಂದು ಗಂಟೆಯ ನಂತರದ ಸಕ್ಕರೆ ಸುಮಾರು ಶೇಕಡಾ 37ರಷ್ಟು ಕಡಿಮೆ ಇತ್ತು. ನಮ್ಮ ಬಾಳೆಲೆಯಲ್ಲಿ ಅನ್ನ ಬೀಳುವ ಹೊತ್ತಿಗೆ ಹೆಸರುಬೇಳೆ ಕೋಸಂಬರಿ, ಎರಡು ಬಗೆ ಪಲ್ಯ ಬಡಿಸಿ ಆಗಿರುತ್ತದೆ. ಅವನ್ನು ತುದಿಬೆರಳಲ್ಲಿ ಮುಟ್ಟಿ ಬಿಡದೆ ಮೊದಲೇ ತಿಂದು ಮುಗಿಸಿದರೆ ಆ ಕ್ರಮ ತಾನಾಗಿ ಪಾಲನೆಯಾಗುತ್ತದೆ.

ನಾನೂರು ಗ್ರಾಂ ತಿನ್ನುವುದು ಹೇಗೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಉಣ್ಣುವವರ ತಟ್ಟೆಯಲ್ಲಿ ಸೊಪ್ಪು ಸೇರಿ 400 ಗ್ರಾಂ ತರಕಾರಿ, ಅದರ ಜೊತೆಗೆ 100 ಗ್ರಾಂ ಹಣ್ಣು ಇರಬೇಕು. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕಿಲೋ ಆರುನೂರು ಗ್ರಾಂ ತರಕಾರಿ. ಸಾರಿನಲ್ಲಿ ತೇಲುವ ಎರಡು ತುಂಡು ನುಗ್ಗೆಕಾಯಿ, ಉಪ್ಪಿಟ್ಟಿನ ನಡುವೆ ಇಣುಕುವ ನಾಲ್ಕು ಬಟಾಣಿಯಿಂದ ಇದು ತುಂಬುವುದಿಲ್ಲ.

ಹೆಚ್ಚು ತಿನ್ನಿ ಎಂದು ಹೇಳುವುದು ಸುಲಭ. ಸಪ್ಪೆ ಬೇಯಿಸಿದ ಹೂಕೋಸನ್ನು ತಟ್ಟೆ ತುಂಬ ತಿನ್ನಲು ಯಾರಿಗೂ ಮನಸ್ಸು ಬರುವುದಿಲ್ಲ, ಮೂರನೆಯ ದಿನಕ್ಕೆ ಪಥ್ಯ ಮುರಿಯುತ್ತದೆ. ಆಗ ಕೈ ಹೋಗುವುದು ಬಾಟಲಿಯ ಸಾಸಿನ ಕಡೆಗೆ. ಮಾರುಕಟ್ಟೆಯ ಟೊಮೆಟೊ ಕೆಚಪ್ಪಿನ ಒಂದು ದೊಡ್ಡ ಚಮಚದಲ್ಲಿ ಸುಮಾರು 4 ಗ್ರಾಂ, ಎಂದರೆ ಒಂದು ಟೀ ಚಮಚ ಸಕ್ಕರೆ ಇರುತ್ತದೆ. ಉಪ್ಪು ಬೇರೆ. ಸಕ್ಕರೆಯ ಏರಿಳಿತ ತಗ್ಗಿಸಲೆಂದು ತಿನ್ನುವ ತರಕಾರಿಯ ಮೇಲೆ ಅದನ್ನೇ ಸುರಿದುಕೊಂಡ ಹಾಗಾಗುತ್ತದೆ.

ಕನ್ನಡದ ಅಡುಗೆಯಲ್ಲಿ ಈ ಜಾಗಕ್ಕೆ ಎಂದಿನಿಂದಲೂ ಬೇರೆಯೇ ಸಾಲು ಇದೆ. ಹಳೇ ಮೈಸೂರಿನ ಗೊಜ್ಜು, ಮಲೆನಾಡಿನ ಸಾಸಿವೆ ಮತ್ತು ತಂಬುಳಿ, ದಕ್ಷಿಣ ಕನ್ನಡದ ಮೆಣಸ್ಕಾಯಿ, ಬಯಲುಸೀಮೆಯ ಹುಚ್ಚೆಳ್ಳು ಚಟ್ನಿ, ಧಾರವಾಡ–ವಿಜಯಪುರದ ಕಡೆಯ ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಉತ್ತರ ಕರ್ನಾಟಕದ ಎಣಗಾಯಿಯಲ್ಲಿ ಮುಳಗಾಯಿಯ ರುಚಿಗಿಂತ ಅದರ ಹೊಟ್ಟೆಯೊಳಗೆ ತುಂಬಿದ ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆಯದೇ ಜೋರು. ಆ ಮಸಾಲೆಯಿಂದಾಗಿಯೇ ಒಬ್ಬೊಬ್ಬರು ನಾಲ್ಕು ಬದನೆಕಾಯಿ ತಿಂದು ಕೈತೊಳೆಯುತ್ತಾರೆ. ಎಣ್ಣೆಕಾಳು, ತೆಂಗು, ಹುಣಸೆ, ಮೊಸರು, ಸೊಪ್ಪು – ಈ ಐದರ ಬೇರೆ ಬೇರೆ ಜೋಡಣೆಗಳೇ ಇವೆಲ್ಲ.

ಘಾಟಿನ ರಸಾಯನ

ಮತ್ತೆ ಸಾಸಿವೆಗೆ ಬರೋಣ. ಸಾಸಿವೆಕಾಳನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಮೊದಲು ಏನೂ ಅನ್ನಿಸುವುದಿಲ್ಲ. ಅಗಿದು ಎಂಜಲು ಬೆರೆತ ಮೇಲೆ ಮೂಗಿಗೆ ಏರುತ್ತದೆ. ಕಾಳಿನೊಳಗೆ ಗಂಧಕವಿರುವ ಗ್ಲುಕೋಸಿನೊಲೇಟ್ ಎಂಬ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಕೂತಿರುತ್ತವೆ. ಕಾಳು ಒಡೆದು ನೀರು ತಾಗಿದಾಗ ಎರಡೂ ಕೂಡಿ ಘಾಟಿನ ಎಣ್ಣೆ ಹುಟ್ಟುತ್ತದೆ. ಕಿಣ್ವಕ್ಕೆ ಬಿಸಿ ಆಗದು. ಹಾಗಾಗಿಯೇ ಕಾದ ಎಣ್ಣೆಯಲ್ಲಿ ಚಟಪಟ ಸಿಡಿದ ಒಗ್ಗರಣೆಯ ಸಾಸಿವೆಗೆ ಹುರಿದ ಪರಿಮಳ ಇರುತ್ತದೆ, ಘಾಟು ಇರುವುದಿಲ್ಲ. ತಣ್ಣೀರಲ್ಲಿ ರುಬ್ಬಿದ ಸಾಸಿವೆಗೆ ಘಾಟು ಇರುತ್ತದೆ.

ಸಾಸಿವೆಯ ಬಳಗದವೇ ಆದ ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಬ್ರೊಕೊಲಿಗಳಲ್ಲೂ ಇದೇ ವ್ಯವಸ್ಥೆ ಇದೆ. ಬ್ರೊಕೊಲಿಯಿಂದ ಹುಟ್ಟುವ ಸಲ್ಫೊರಾಫೇನ್ ಎಂಬ ವಸ್ತುವಿನ ಮಹತ್ವವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ತಂಡ 1992ರಲ್ಲಿ ಗುರುತಿಸಿತು. ಸ್ವೀಡನ್ನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇದರ ಸಾಂದ್ರ ಸಾರ ಸೇವಿಸಿದ ಸ್ಥೂಲಕಾಯದ ಮಧುಮೇಹಿಗಳಲ್ಲಿ ಖಾಲಿಹೊಟ್ಟೆಯ ಸಕ್ಕರೆ ಇಳಿದಿತ್ತು. ಅದು ಔಷಧದಂತೆ ಸಾಂದ್ರಗೊಳಿಸಿದ ಪ್ರಮಾಣ. ತಟ್ಟೆಯ ತರಕಾರಿಯಿಂದ ಅಷ್ಟೇ ಫಲ ಬಯಸುವುದು ತಪ್ಪಾಗುತ್ತದೆ. ಆದರೂ ಒಳ್ಳೆಯ ವಸ್ತುವೊಂದನ್ನು ಬೇಯಿಸಿ ಹಾಳುಮಾಡದಿರುವುದು ನಮ್ಮ ಕೈಯಲ್ಲಿದೆ.

ಬೇಯಿಸಿದಾಗ ಕೋಸಿನ ಕಿಣ್ವ ಸಾಯುತ್ತದೆ, ಕಚ್ಚಾ ವಸ್ತು ಮಾತ್ರ ಉಳಿಯುತ್ತದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇದಕ್ಕೊಂದು ಉಪಾಯ ಪರೀಕ್ಷಿಸಿದರು. 12 ಮಂದಿಗೆ 200 ಗ್ರಾಂ ಬೇಯಿಸಿದ ಬ್ರೊಕೊಲಿ ಕೊಟ್ಟರು, ಒಂದು ಬಾರಿ ಹಾಗೆಯೇ, ಇನ್ನೊಂದು ಬಾರಿ 1 ಗ್ರಾಂ ಕಂದು ಸಾಸಿವೆಯ ಪುಡಿ ಉದುರಿಸಿ. ಸಾಸಿವೆ ಸೇರಿದಾಗ ದೇಹಕ್ಕೆ ದಕ್ಕಿದ ಸಲ್ಫೊರಾಫೇನ್ ನಾಲ್ಕು ಪಟ್ಟಿಗೂ ಹೆಚ್ಚು. ಹಸಿ ಸಾಸಿವೆಯ ಕಿಣ್ವ, ಬೆಂದ ತರಕಾರಿಯಲ್ಲಿ ನಿಂತುಹೋದ ಕೆಲಸವನ್ನು ಮುಂದುವರಿಸಿತ್ತು.

ಬೆಂದು ಆರಿದ ಹೋಳಿಗೆ ಹಸಿ ಸಾಸಿವೆಯ ಅರಪ್ಪು ಬೆರೆಸುವ ಮಲೆನಾಡಿನ ಕ್ರಮದಲ್ಲಿ ಇದೇ ಜೋಡಣೆ ಇದೆ. ಅಜ್ಜಿಯರು ಕಿಣ್ವವನ್ನು ಕಂಡವರಲ್ಲ, ಅವರು ಕಾಪಾಡಿದ್ದು ರುಚಿಯನ್ನು. ಆ ರುಚಿ ಹುಟ್ಟಬೇಕಾದರೆ ಕಿಣ್ವ ಉಳಿಯಲೇಬೇಕಿತ್ತು.

ಅಗಸೆ, ಎಳ್ಳು, ಈಸ್ಟ್ರೊಜೆನ್

ಈಸ್ಟ್ರೊಜೆನ್ ಕೆಲಸ ಮುಗಿಸಿದ ಮೇಲೆ ಪಿತ್ತಜನಕಾಂಗ ಅದನ್ನು ಕಟ್ಟಿ, ಒಂದು ಪಾಲನ್ನು ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಆ ಕಟ್ಟನ್ನು ಬಿಚ್ಚಿದರೆ ಈಸ್ಟ್ರೊಜೆನ್ ಮತ್ತೆ ರಕ್ತಕ್ಕೆ ಮರಳುತ್ತದೆ. ಊಟದಲ್ಲಿ ನಾರು ಸಾಕಷ್ಟಿದ್ದು ಹೊಟ್ಟೆ ದಿನವೂ ಖಾಲಿಯಾಗುತ್ತಿದ್ದರೆ ಹೊರಹೋಗುವ ಪಾಲು ಹೆಚ್ಚುತ್ತದೆ. ಬೀನ್ಸು, ಹೀರೆಕಾಯಿ, ಬಾಳೆದಿಂಡು, ದಂಟಿನಸೊಪ್ಪುಗಳ ನಾರಿಗೆ ಹೀಗೊಂದು ಸದ್ದಿಲ್ಲದ ಪಾತ್ರವಿದೆ.

ಎಣ್ಣೆಕಾಳುಗಳದು ಇನ್ನೊಂದು ದಾರಿ. ಅಗಸೆ ಮತ್ತು ಎಳ್ಳಿನಲ್ಲಿ ಲಿಗ್ನನ್ ಎಂಬ ಸಸ್ಯಜನ್ಯ ವಸ್ತುಗಳಿವೆ. ಈ ವಿಷಯದಲ್ಲಿ ಅಗಸೆಯನ್ನು ಮೀರಿಸುವ ಆಹಾರವಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಇವನ್ನು ಎಂಟೆರೊಲ್ಯಾಕ್ಟೋನ್ ಎಂಬ ರೂಪಕ್ಕೆ ಬದಲಿಸುತ್ತವೆ. ಈಸ್ಟ್ರೊಜೆನ್ನಿನ ಬೀಗಕ್ಕೆ ಇದು ಸಡಿಲವಾಗಿ ಕೂರುವ ಕೀಲಿಕೈ. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 18 ಮಹಿಳೆಯರು ದಿನಕ್ಕೆ 10 ಗ್ರಾಂ ಅಗಸೆ ಪುಡಿ ತಿಂದಾಗ, ಅಂಡ ಬಿಡುಗಡೆಯಿಂದ ಮುಟ್ಟಿನವರೆಗಿನ ಅವಧಿ ಒಂದು ದಿನದಷ್ಟು ಹಿಗ್ಗಿತ್ತು. ಸಣ್ಣ ಅಧ್ಯಯನ, ಸಣ್ಣ ಬದಲಾವಣೆ. ಈ ಬಗೆಯ ಸುಳಿವುಗಳ ಮೇಲೆಯೇ ‘ಮುಟ್ಟಿನ ಮೊದಲ ಹದಿನೈದು ದಿನ ಅಗಸೆ, ಕುಂಬಳಬೀಜ, ನಂತರ ಎಳ್ಳು, ಸೂರ್ಯಕಾಂತಿ ಬೀಜ’ ಎಂಬ ವೇಳಾಪಟ್ಟಿ ಮೊಬೈಲಿನಲ್ಲಿ ಹರಿದಾಡುತ್ತಿದೆ. ದಿನ ಎಣಿಸಿ ಬೀಜ ಬದಲಿಸುವುದಕ್ಕೆ ಗಟ್ಟಿ ಆಧಾರವಿಲ್ಲ. ಒಂದೊಂದು ಹಿಡಿ ಎಳ್ಳು, ಅಗಸೆಯನ್ನು ಗೊಜ್ಜಿನಲ್ಲಿ ರುಬ್ಬಿ ತಿಂಗಳಿಡೀ ತಿಂದರೆ ನಾರು, ಪ್ರೊಟೀನು, ಒಮೆಗಾ–3 ಕೊಬ್ಬು ಸಿಗುವುದಂತೂ ಖಾತ್ರಿ.

ಅಗಸೆಯನ್ನು ಇಡಿಯಾಗಿ ನುಂಗಿದರೆ ನುಂಗಿದಂತೆಯೇ ಹೊರಬೀಳುತ್ತದೆ, ಪುಡಿ ಮಾಡಲೇಬೇಕು. ಪುಡಿ ಮಾಡಿದ ಮೇಲೆ ಗಾಳಿ ತಾಗಿ ಬೇಗ ಮುಗ್ಗುತ್ತದೆ, ವಾರಕ್ಕೆ ಸಾಕಾಗುವಷ್ಟೇ ಮಾಡಿ ತಂಪಿನಲ್ಲಿಡಬೇಕು. ಹಸಿ ಅಗಸೆಯಲ್ಲಿ ಸೈನೈಡ್ ಬಿಡುವ ಅಂಶ ಸ್ವಲ್ಪ ಇರುವುದರಿಂದ ಹುರಿದೇ ಬಳಸುವ ನಮ್ಮ ಪದ್ಧತಿ ಒಳ್ಳೆಯದು. ಸ್ತನ ಕ್ಯಾನ್ಸರಿನಂಥ ಹಾರ್ಮೋನು ಸಂಬಂಧಿ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಕೋಸಿನ ಮೇಲಿನ ಅಪವಾದ

ಥೈರಾಯ್ಡ್ ಇದೆ ಎಂದೊಡನೆ ಮನೆಯಿಂದ ಎಲೆಕೋಸು, ಹೂಕೋಸು ಗಡೀಪಾರಾಗುತ್ತವೆ. ಇದರ ಬೇರು 1928ರಲ್ಲಿದೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೆಚ್ಚಾಗಿ ಎಲೆಕೋಸನ್ನೇ ತಿಂದು ಬೆಳೆದ ಪ್ರಯೋಗಾಲಯದ ಮೊಲಗಳಿಗೆ ಗಳಗಂಡ ಕಾಣಿಸಿಕೊಂಡಿತು. ಕೋಸಿನಲ್ಲಿ ಅಯೋಡಿನ್ನಿನ ಕೆಲಸಕ್ಕೆ ಅಡ್ಡಬರುವ ಅಂಶ ಇರುವುದು ನಿಜ. ಆದರೆ ಯಾವ ಮನುಷ್ಯನೂ ಮೊಲದಂತೆ ತಿಂಗಳುಗಟ್ಟಲೆ ಕೋಸನ್ನೇ ತಿನ್ನುವುದಿಲ್ಲ. ಬೇಯಿಸಿದಾಗ ಆ ಅಂಶ ಬಹಳಷ್ಟು ಇಳಿಯುತ್ತದೆ. ಜೊತೆಗೆ ನಮ್ಮ ಉಪ್ಪಿನಲ್ಲಿ ಅಯೋಡಿನ್ ಇದೆ. 1950ರ ದಶಕದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ರಾ ಕಣಿವೆಯಲ್ಲಿ ಆರಂಭಿಸಿದ ಅಧ್ಯಯನ ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ತಗ್ಗುವುದನ್ನು ತೋರಿಸಿತು, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ ವಾರಕ್ಕೆರಡು ಸಲ ಕೋಸಿನ ಪಲ್ಯ ಮಾಡಲು ಹೆದರಬೇಕಿಲ್ಲ.

ಥೈರಾಯ್ಡ್ ಮಾತ್ರೆ ನುಂಗುವವರು ಕೋಸಿಗಿಂತ ಗಮನ ಕೊಡಬೇಕಾದದ್ದು ಗಡಿಯಾರಕ್ಕೆ. ಮಾತ್ರೆ ಖಾಲಿಹೊಟ್ಟೆಗೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಅಗಸೆಯಂಥ ನಾರಿನ ಪದಾರ್ಥವೂ ಮಾತ್ರೆಯ ಬೆನ್ನಿಗೇ ಬೇಡ, ಮಧ್ಯಾಹ್ನದ ಊಟಕ್ಕಿರಲಿ.

ಭಾನುವಾರದ ಎರಡು ಗೊಜ್ಜು

ಮೊದಲನೆಯದು ಕೋಸಿನ ಸಾಸಿವೆ. ಅರ್ಧ ಕಿಲೋ ಎಲೆಕೋಸು, ನವಿಲುಕೋಸು ಅಥವಾ ಬ್ರೊಕೊಲಿಯನ್ನು ಸಣ್ಣಗೆ ಹೆಚ್ಚಿ ಅರ್ಧ ಗಂಟೆ ಹಾಗೇ ಬಿಡಬೇಕು. ಹೆಚ್ಚಿದ ಗಾಯದಲ್ಲಿ ತರಕಾರಿಯ ಸ್ವಂತ ಕಿಣ್ವ ಅಷ್ಟರಲ್ಲಿ ಕೆಲಸ ಶುರುಮಾಡಿರುತ್ತದೆ. ಆಮೇಲೆ ಇಡ್ಲಿ ಪಾತ್ರೆಯಲ್ಲಿ ಐದು ನಿಮಿಷ ಹಬೆ, ಹೋಳು ಕಚ್ಚಿದರೆ ಇನ್ನೂ ಸ್ವಲ್ಪ ಕರಕರ ಎನ್ನಬೇಕು. ಅಗಲ ತಟ್ಟೆಗೆ ಹರಡಿ ಆರಿಸಬೇಕು. ಅರ್ಧ ಬಟ್ಟಲು ತೆಂಗಿನತುರಿ, ಎರಡು ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ತಣ್ಣೀರಲ್ಲಿ ರುಬ್ಬಬೇಕು. ತೆಂಗು ನುಣ್ಣಗಾದ ಮೇಲೆ ಕೊನೆಯಲ್ಲಿ ಒಂದು ಟೀ ಚಮಚ ಹಸಿ ಸಾಸಿವೆ ಹಾಕಿ ಎರಡು ಸುತ್ತು ತಿರುಗಿಸಿದರೆ ಸಾಕು, ಹೆಚ್ಚು ಹೊತ್ತು ಅರೆದರೆ ಕಹಿಯಾಗುತ್ತದೆ. ಹೋಳಿಗೆ ಅರಪ್ಪು, ಒಂದು ಬಟ್ಟಲು ಗಟ್ಟಿ ಮೊಸರು ಬೆರೆಸಿ, ತೆಂಗಿನೆಣ್ಣೆಯಲ್ಲಿ ಉದ್ದಿನಬೇಳೆ, ಕರಿಬೇವು, ಒಣಮೆಣಸಿನ ಒಗ್ಗರಣೆಯನ್ನು ಸ್ವಲ್ಪ ಆರಿಸಿ ಹಾಕಬೇಕು.

ಎರಡನೆಯದು ಅಗಸೆ–ಎಳ್ಳಿನ ಗೊಜ್ಜು. ಮೂರು ದೊಡ್ಡ ಚಮಚ ಅಗಸೆಯನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಬೇಕು. ಎರಡು ಚಮಚ ಎಳ್ಳು, ಒಂದು ಟೀ ಚಮಚ ಜೀರಿಗೆ, ಕಾಲು ಟೀ ಚಮಚ ಮೆಂತ್ಯ, ಒಂದು ಹಿಡಿ ಕರಿಬೇವನ್ನು ಬೇರೆ ಬೇರೆಯಾಗಿ ಹುರಿದಿಡಬೇಕು. ಐದು ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಬಣ್ಣ ಕೆಂಪಗಾಗಿ ಖಾರ ಮಿತಿಯಲ್ಲಿರುತ್ತದೆ. ಇವೆಲ್ಲವನ್ನೂ ಆರು ಎಸಳು ಬೆಳ್ಳುಳ್ಳಿ, ಅಡಿಕೆ ಗಾತ್ರದ ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪಿನ ಜೊತೆ ನೀರು ಹಾಕಿ ರುಬ್ಬಬೇಕು. ಹತ್ತು ನಿಮಿಷದಲ್ಲಿ ಅಗಸೆಯ ಲೋಳೆ ಬಿಟ್ಟುಕೊಂಡು ಗೊಜ್ಜು ತಾನಾಗಿ ಮಂದವಾಗುತ್ತದೆ. ಕಾರ್ನ್‌ಫ್ಲೋರ್ ಬೇಕಿಲ್ಲ. ನಾಲ್ಕು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೂ ಏಳೆಂಟು ಗ್ರಾಂ ಅಗಸೆ ಸೇರುತ್ತದೆ.

ಈ ಗೊಜ್ಜು ಹಬೆಯಲ್ಲಿ ಬೆಂದ ಬೀನ್ಸಿಗೆ, ಸುಟ್ಟ ಬದನೆಗೆ, ಸಿಹಿಗುಂಬಳಕ್ಕೆ ಚೆನ್ನ. ಎಲ್ಲಕ್ಕಿಂತ ಹೊಂದುವುದು ಗೋರಿಕಾಯಿಗೆ, ಉತ್ತರ ಕರ್ನಾಟಕದವರ ಚೌಳಿಕಾಯಿಗೆ. ಈ ಗಿಡದ ಬಲಿತ ಬೀಜದಿಂದ ತೆಗೆವ ಗೋಂದೇ ‘ಗೌರ್ ಗಮ್’. 1970ರ ದಶಕದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಈ ಗೋಂದು ಊಟದ ನಂತರದ ಸಕ್ಕರೆಯ ಏರಿಕೆಯನ್ನು ನಿಧಾನಿಸುವುದನ್ನು ತೋರಿಸಿದರು. 1981ರಲ್ಲಿ ಗ್ಲೈಸೀಮಿಕ್ ಇಂಡೆಕ್ಸ್ ಎಂಬ ಅಳತೆಗೋಲು ಕೊಟ್ಟವರೂ ಅವರೇ. ಎಳೆಯ ಕಾಯಲ್ಲಿ ಆ ಗೋಂದು ಕಡಿಮೆ, ನಾರು ಮಾತ್ರ ಧಾರಾಳ.

ಉಳಿದ ಗೊಜ್ಜನ್ನು ಗಾಜಿನ ಬಾಟಲಿಗೋ ಸ್ಟೀಲ್ ಡಬ್ಬಿಗೋ ತುಂಬಿಡಬೇಕು. ಬಿಸಿ, ಹುಳಿ, ಎಣ್ಣೆ ಮೂರೂ ಇರುವ ಪದಾರ್ಥ ಪ್ಲಾಸ್ಟಿಕ್ಕಿನಿಂದ ಥಾಲೇಟ್, ಬಿಸ್ಫಿನಾಲ್‌ನಂಥ ವಸ್ತುಗಳನ್ನು ಎಳೆದುಕೊಳ್ಳಬಲ್ಲದು. ಇವು ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುವ ರಾಸಾಯನಿಕಗಳೆಂದು ಅಂತಃಸ್ರಾವ ತಜ್ಞರು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ. ಹಿಂದಿನವರ ಪಿಂಗಾಣಿ ಭರಣಿ ಅಟ್ಟದ ಮೇಲಿದ್ದರೆ ಕೆಳಗಿಳಿಸಲು ಇದೊಂದು ಕಾರಣ.

ಊಟದಿಂದ ಮುಟ್ಟು ಸರಿಹೋಗಬಹುದೆಂದು ಕಾಯುತ್ತ ತಪಾಸಣೆ ಮುಂದೂಡುವವರು ಅನೇಕರಿದ್ದಾರೆ. ಮೂರು ತಿಂಗಳು ಮುಟ್ಟಾಗದಿದ್ದರೆ, ಕಾರಣವಿಲ್ಲದೆ ತೂಕ ಏರಿದರೆ ಅಥವಾ ಇಳಿದರೆ, ಸುಸ್ತು ಬಿಡದಿದ್ದರೆ ರಕ್ತಪರೀಕ್ಷೆ ಆಗಬೇಕು. ಮಾತ್ರೆ ಬರೆದುಕೊಟ್ಟರೆ ತಪ್ಪದೆ ತೆಗೆದುಕೊಳ್ಳಬೇಕು. ಗೊಜ್ಜು ಅದರ ಜೊತೆಗಿರಲಿ.

ಅಗಸೆ ಗೊಜ್ಜು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಬರುತ್ತದೆ. ಸೋಮವಾರ ರೊಟ್ಟಿ–ಚೌಳಿಕಾಯಿಗೆ, ಮಂಗಳವಾರ ದೋಸೆಗೆ, ಬುಧವಾರ ಮೊಸರಿನಲ್ಲಿ ಕದಡಿ ಸೌತೆಕಾಯಿಗೆ ಬಳಸಬಹುದು. ಸಾಸಿವೆಯನ್ನು ಮಾತ್ರ ಆ ಹೊತ್ತಿಗೆ ಆಗುವಷ್ಟೇ ಮಾಡಬೇಕು. ಮರುದಿನ ಒಲೆಯ ಮೇಲಿಟ್ಟರೆ ಮೊಸರು ಒಡೆಯುತ್ತದೆ, ಘಾಟು ಹಾರಿಹೋಗುತ್ತದೆ. ಹಾಗಾಗಿ ಸಾಸಿವೆ ಮಾಡಿದ ದಿನ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಮಲೆನಾಡಿನ ಮನೆಗಳಲ್ಲಿ ಊಟ ಏಳುವ ಮೊದಲೇ ಎಲೆಯಿಂದೆಲೆಗೆ ಬಡಿಸಿ ಮುಗಿಸುತ್ತಾರೆ.